ಕಠ್ಮಂಡುವಿನ ಅಂಗಳದಲ್ಲಿ ಹಿಡಿದ ಎಳೆ

ಆಗ ನನಗೆ ಐವತ್ತೆರಡು. ಅದಾಗಿ ಇಪ್ಪತ್ತಾರು ವರ್ಷವಾಯಿತು. ಜ್ವರ ಇರಲಿಲ್ಲ, ಕಣ್ಣು ನೆಟ್ಟಗಿದ್ದವು, ದೆವ್ವಕ್ಕೆ ಅಂಜುವ ಹೆಂಗಸೂ ನಾನಲ್ಲ. ನಂಬದವರು ಇಲ್ಲಿಗೇ ಬಿಡಬಹುದು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ಇಲ್ಲದ್ದನ್ನು ಕೂಡಿಸುವುದಕ್ಕೆ ನನಗೆ ಬರುವುದಿಲ್ಲ.

ನಮ್ಮೂರು ಧಾರವಾಡದ ಹತ್ತಿರದ ಗರಗ. ನಾನೂ ಶಾಂತವ್ವನೂ ಮೂವತ್ತು ವರ್ಷ ಅಕ್ಕಪಕ್ಕ ಕೂತು ಖಾದಿ ನೂಲು ತೆಗೆದವರು. ನೂಲುವವರಲ್ಲಿ ಒಂದು ರೂಢಿ ಇತ್ತು. ನೂಲು ಸುತ್ತಿ ಲಡಿ ಮಾಡುವಾಗ ಎಳೆ ಕೈಗೆ ಬಂತೆಂದರೆ ತುದಿ ಕಟ್ಟುವವರೆಗೆ ಏಳಬಾರದು. ಮನೆಯಿಂದ ಕರೆ ಬಂದರೂ ಏಳಬಾರದು. ಬೇಕಂತಲೇ ಎಳೆ ಹರಿದವಳನ್ನು ಯಾರೂ ಮಗ್ಗುಲಲ್ಲಿ ಕೂರಿಸಿಕೊಳ್ಳುತ್ತಿರಲಿಲ್ಲ.

ಶಾಂತವ್ವನ ತಮ್ಮನ ಮಗಳು ವಿಮಲಾ ಧಾರವಾಡದಲ್ಲಿ ಟೀಚರು. ಬುದ್ಧ ಹುಟ್ಟಿದ ಜಾಗ ನೋಡಬೇಕೆಂದು ಬೇಸಿಗೆ ಸೂಟಿಯಲ್ಲಿ ನೇಪಾಳಕ್ಕೆ ಹೊರಟವಳು ನಮ್ಮಿಬ್ಬರನ್ನೂ ಕರೆದುಕೊಂಡಳು. ಹುಬ್ಬಳ್ಳಿ ಸ್ಟೇಷನ್ ಬಿಟ್ಟ ಐದನೆಯ ದಿನ ಕಠ್ಮಂಡು ಮುಟ್ಟಿದೆವು. ಕೂತು ಕೂತು ವಿಮಲಾಳ ಕಾಲು ಬಾತಿದ್ದವು, ಲಾಡ್ಜಿನಲ್ಲೇ ಮಲಗಿದಳು. ನಾವಿಬ್ಬರು ಪರದೇಶದ ಮೊದಲ ಸಂಜೆ ನೋಡಲು ಹೊರಬಿದ್ದೆವು.

"ಇಲ್ಲಿ ಭಾಷಾ ಬರೂದಿಲ್ಲ ನಿಮಗ. ದೂರ ಹೋಗಬ್ಯಾಡ್ರಿ," ಅಂದಳು ವಿಮಲಾ.

"ಕೈ ಅದಾವಲ್ಲ," ಅಂದಳು ಶಾಂತವ್ವ.

ಖರೇ ಹೇಳಬೇಕೆಂದರೆ ಛಲೋ ಅನಿಸಿತ್ತು. ಆ ಸಂಜೆ ಯಾರಿಗೂ ರೊಟ್ಟಿ ಬಡಿಯುವುದಿರಲಿಲ್ಲ. ಸಾಸಿವೆ ಎಣ್ಣೆಯ ವಾಸನೆ, ಧೂಪ, ಎಲ್ಲೋ ಗಂಟೆ. ಓಣಿಯ ಬಾಯಲ್ಲಿ ಒಬ್ಬಾಕೆ ಬಳೆಯಂತಹ ರೊಟ್ಟಿ ಕರಿಯುತ್ತಿದ್ದಳು. ಶಾಂತವ್ವ ಬೆರಳು ತೋರಿಸಿ ಎರಡು ಕೊಂಡು ಒಂದನ್ನು ಕೈಗೆ ತೊಟ್ಟಳು.

"ಗಂಡ ಕೊಡಿಸಲಾರದ ಬಳಿ. ತಿಂದು ಮುಗಸ್ತೇನಿ ನೋಡ."

ನಕ್ಕೆವು. ಇನ್ನೊಂದು ಬೇಕೆಂದು ಸನ್ನೆ ಮಾಡಿದಳು. ರೊಟ್ಟಿಯಾಕೆ ಬಿಳಿ ಹಿಟ್ಟನ್ನು ಎಣ್ಣೆಗೆ ದುಂಡಗೆ ಬಿಟ್ಟಳು. ಅಷ್ಟರಲ್ಲಿ ಕೇಳಿಸಿತು…

ಗುಂಯ್… ಗುಂಯ್…

ಚರಕದ ಸದ್ದು. ನಮ್ಮ ಕಿವಿ ಅದರಲ್ಲಿ ತಪ್ಪುವುದಿಲ್ಲ. ಇಲ್ಲಿಯವರು ಹೇಗೆ ನೂಲುತ್ತಾರೋ ನೋಡಿ ಬರೋಣವೆಂದು ಶಾಂತವ್ವ ಮುಂದಾದಳು.

ಪಕ್ಕದ ಗೋಡೆಯಲ್ಲಿ ಗಿಡ್ಡ ಬಾಗಿಲು. ಬಗ್ಗಿ ದಾಟಿದರೆ ಇಟ್ಟಿಗೆಯ ಅಂಗಳ. ನಾಲ್ಕೂ ಕಡೆ ಎತ್ತರದ ಮನೆ, ಒಂದು ಕಿಟಕಿಯಲ್ಲೂ ದೀಪವಿಲ್ಲ. ಹಸಿ ಇಟ್ಟಿಗೆಯ ವಾಸನೆ, ಅದರ ಜೊತೆ ಬಹಳ ದಿನ ಮುಚ್ಚಿಟ್ಟ ಅರಳೆಯ ಮುಗ್ಗಲು. ಕಟ್ಟೆಯ ಮೇಲೆ ಮುದುಕಿಯೊಬ್ಬಳು ಚರಕ ತಿರುಗಿಸುತ್ತಿದ್ದಳು. ಮುಖದ ತುಂಬ ಶಾಲು. ನಮ್ಮನ್ನು ನೋಡದೆಯೇ ಒಂದು ಎಳೆ ಚಾಚಿದಳು.

"ತುದಿ ಹಿಡೀ ಯವ್ವಾ. ಇದೊಂದು ಲಡಿ ಮುಗೀಲಿ."

ಶಾಂತವ್ವ ಕೂತಳು. ಹಿಡಿದಳು. ಕೈಗೆ ಸುತ್ತತೊಡಗಿದಳು.

ಒಂದು ಲಡಿಗೆ ಎಷ್ಟು ಹೊತ್ತು ಬೇಕೆಂದು ನಮಗೆ ಗೊತ್ತು. ಅಷ್ಟು ಹೊತ್ತು ಕಳೆಯಿತು. ಇನ್ನೂ ಅಷ್ಟು ಕಳೆಯಿತು. ಎಳೆ ಬರುತ್ತಲೇ ಇತ್ತು. ಮೇಲೆ ಕಾಣುತ್ತಿದ್ದ ಚೌಕದಷ್ಟು ಆಕಾಶ ಮಾತ್ರ ಕತ್ತಲಾಗಲಿಲ್ಲ, ಬೂದಿ ಬಣ್ಣದಲ್ಲೇ ನಿಂತಿತ್ತು.

ವಿಮಲಾ ದಾರಿ ಕಾಯುತ್ತಾಳೆ, ಯಾರನ್ನಾದರೂ ಕರೆತರುತ್ತೇನೆ ಎಂದು ನಾನು ಬಾಗಿಲಿಗೆ ಬಗ್ಗಿದೆ. ದಾಟಿ ತಲೆ ಎತ್ತಿದರೆ… ಅದೇ ಅಂಗಳ. ಎದುರಿಗೆ ಶಾಂತವ್ವನ ಬೆನ್ನು. ಮತ್ತೆ ದಾಟಿದೆ. ಮತ್ತೆ ಅದೇ ಬೆನ್ನು. ಮೂರನೆಯ ಸಲ ಕಣ್ಣು ಮುಚ್ಚಿ ದಾಟಿದೆ. ಕಣ್ಣು ತೆರೆಯುವ ಮೊದಲೇ ಕೇಳಿತು… ಗುಂಯ್…

ಇದ್ದದ್ದು ಅದೊಂದೇ ಬಾಗಿಲು.

ಶಾಂತವ್ವನ ಬೆರಳು ನೀಲಿಯಾಗಿದ್ದವು. ಎಳೆ ಮಾಂಸದೊಳಗೆ ಇಳಿದಿತ್ತು. ಆದರೂ ಸುತ್ತುತ್ತಿದ್ದಳು.

"ಏಳ ಶಾಂತಿ."

"ಎಳಿ ಕೈಯಾಗ ಐತಿ. ಹೆಂಗ ಏಳ್ಲಿ?" ಅಳುತ್ತಿದ್ದಳು. ಕೈ ನಿಲ್ಲಲಿಲ್ಲ.

ಮುದುಕಿ ನನ್ನ ಕಡೆ ಶಾಲು ತಿರುಗಿಸಿದಳು. "ಆಕಿ ಕೈ ಸೋತ್ರ ನೀ ಹಿಡಿಯಾಕಿ."

ಇನ್ನು ಸ್ವಲ್ಪ ಬಿಟ್ಟರೆ ಶಾಂತವ್ವನ ಬೆರಳು ಉಳಿಯುವುದಿಲ್ಲ, ಆಮೇಲೆ ನನ್ನ ಪಾಳಿ. ಎಳೆಯನ್ನು ಕೈಯಿಂದ ಜಗ್ಗಿದೆ. ಹರಿಯಲಿಲ್ಲ. ಮೂವತ್ತು ವರ್ಷದಲ್ಲಿ ಮಾಡದ್ದನ್ನು ಮಾಡಿದೆ. ಬಗ್ಗಿ ಹಲ್ಲಿನಿಂದ ಕಚ್ಚಿ ಕಡಿದೆ. ಬಾಯೊಳಗೆ ಉಪ್ಪು, ಬೂದಿ…

ಚರಕ ನಿಂತಿತು. ಆ ನಿಶ್ಶಬ್ದ ಸದ್ದಿಗಿಂತ ಕೆಟ್ಟದಾಗಿತ್ತು.

"ಕಡದಿ?" ಅಂದಳು ಮುದುಕಿ. ಸಿಟ್ಟಿಲ್ಲದ ದನಿ. "ಗಂಟ ಹಾಕಾಕ ಹೊಳ್ಳಿ ಬರಬೇಕಾಗ್ತೈತಿ."

ಶಾಂತವ್ವನ ರಟ್ಟೆ ಹಿಡಿದು ಬಾಗಿಲಿನಾಚೆ ದೂಡಿ ಹಿಂದೆಯೇ ಬಿದ್ದೆ. ಓಣಿ ಸಿಕ್ಕಿತು. ಜನ, ಸೈಕಲ್ ಗಂಟೆ, ಸಾಸಿವೆ ಎಣ್ಣೆ. ರೊಟ್ಟಿ ಕರಿಯುವಾಕೆ ನಮ್ಮನ್ನು ನೋಡಿ ಸ್ವಲ್ಪ ತಡೆಯಿರಿ ಎಂದು ಕೈ ಮಾಡಿದಳು. ಎಣ್ಣೆಯಲ್ಲಿ ಬಿಟ್ಟ ಹಿಟ್ಟು ಇನ್ನೂ ಬಿಳಿಯಾಗೇ ಇತ್ತು.

ಸುತ್ತಿದ ಅಷ್ಟೂ ನೂಲು ಶಾಂತವ್ವನ ಕೈಯಲ್ಲಿರಲಿಲ್ಲ. ಮಣಿಕಟ್ಟಿಗೆ ಒಂದು ಗೇಣು ಎಳೆ ಮಾತ್ರ.

ಲಾಡ್ಜಿನಲ್ಲಿ ವಿಮಲಾ ಶಾಂತವ್ವನ ಬೆರಳಿಗೆ ಎಣ್ಣೆ ಹಚ್ಚುತ್ತ ಎಲ್ಲ ಕೇಳಿಸಿಕೊಂಡಳು. ಮುದುಕಿ ಅಂದದ್ದನ್ನು ನಾನು ಹೇಳುತ್ತಿದ್ದಂತೆ ವಿಮಲಾಳ ಕೈ ನಿಂತಿತು.

"ಅತ್ತಿ, ಆ ಮುದುಕಿ ಯಾವ ಭಾಷಾದಾಗ ಮಾತಾಡಿದ್ಲು?"

ಆಗಲೇ ನಮಗೆ ಹೊಳೆಯಿತು. ಬರೀ ಕನ್ನಡವಲ್ಲ. ನಮ್ಮ ಗರಗದ ಮಾತು.

ರಾತ್ರಿ ಶಾಂತವ್ವ ನಿದ್ದೆಯಲ್ಲೇ ಕೈ ಸುತ್ತುತ್ತಿದ್ದಳು. ಎರಡು ಸಲ ಎದ್ದು ಚಿಲಕಕ್ಕೆ ಕೈ ಹಾಕಿದಳು. ಗಂಟು ಹಾಕಿ ಬರುತ್ತೇನೆ ಅನ್ನುವಳು. ಆಕೆಯ ಸೆರಗನ್ನು ನನ್ನ ಸೆರಗಿಗೆ ಕಟ್ಟಿಕೊಂಡು ಕೂತೆ. ಆಮೇಲೆ ಹನ್ನೊಂದು ವರ್ಷ ಬದುಕಿದಳು, ಆದರೆ ಲಡಿ ಮುಟ್ಟಲಿಲ್ಲ. ನಾನು ಮುಟ್ಟುತ್ತೇನೆ, ಹೊಟ್ಟೆಪಾಡು. ಎಳೆ ಬಿಗಿಯಾದಾಗೆಲ್ಲ ಬಾಯಿ ಉಪ್ಪಾಗುತ್ತದೆ. ಯಾಕೆಂದು ಕೇಳಬೇಡಿ.

ಆ ರಾತ್ರಿ ಕಳೆದು ಬೆಳಗಾಗುತ್ತಲೇ ಸೆರಗು ಬಿಚ್ಚಿ ಶಾಂತವ್ವನನ್ನು ವಿಮಲಾಳ ಪಕ್ಕ ಮಲಗಿಸಿದೆ. ಆ ಒಂದು ಗೇಣು ಎಳೆಯನ್ನು ಮಣಿಕಟ್ಟಿನಿಂದ ಬಿಚ್ಚಿಕೊಂಡು, ಕಡಿದಾಕೆ ನಾನು, ಗಂಟೂ ನಾನೇ ಹಾಕಬೇಕೆಂದು ಒಬ್ಬಳೇ ಆ ಓಣಿಗೆ ಹೋದೆ. ಗಿಡ್ಡ ಬಾಗಿಲು ಮುಚ್ಚಿತ್ತು. ಹೊಸ್ತಿಲ ಸಂದಿಯಿಂದ ಎಳೆಯ ತುದಿಯೊಂದು ಹೊರಗೆ ಬಿದ್ದಿತ್ತು. ಮುಟ್ಟಿದೆ. ಇನ್ನೂ ಹಸಿ ಇತ್ತು, ಈಗಷ್ಟೇ ಯಾರೋ ಕಚ್ಚಿದ ಹಾಗೆ. ಕೂರಲಿಲ್ಲ, ನಿಂತೇ ಬಗ್ಗಿದೆ. ನಮ್ಮಲ್ಲಿ ಮಾಡುವ ಹಾಗೆ ಎಂಜಲು ಹಚ್ಚಿ, ಎರಡು ತುದಿ ತಿರುವಿ ಗಂಟು ಹಾಕಿದೆ. ಒಳಗಿನಿಂದ ಯಾರೋ ಮೆಲ್ಲಗೆ ಎಳೆದುಕೊಂಡರು… ನಾನು ಕೈ ಬಿಟ್ಟೆ.