ಕಪ್ಪೆಯ ಹಾಡಿಗೆ ನಾನು ಮುಚ್ಚಿದ ಕಿಟಕಿ

ಗೆಳೆಯರೇ, ಇವತ್ತು ನಾನು ಒಂದು ಮಗುವಿನ ಬಾಯಿ ಮುಚ್ಚಿಸಿದೆ, ಅದೂ ಶಿಶುಗೀತೆಯ ಹೆಸರಿನಲ್ಲಿ.

ಸ್ಯಾಟಲೈಟ್ ಬಡಾವಣೆಯ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ, ಹೊರರಾಜ್ಯದಲ್ಲಿ ನೆಲೆಸಿದ ನಮ್ಮಂಥ ಕನ್ನಡದ ತಾಯಂದಿರಿಗೆ ಉಪನ್ಯಾಸವಿತ್ತು. ವಿಷಯ, ಶಿಶುಗೀತೆಗಳಿಂದ ಮಕ್ಕಳಿಗೆ ಮಾತು ಹೇಗೆ ಬರುತ್ತದೆ ಎಂಬುದು. ಮೂರು ವರ್ಷದ ಮಗ ವಿಹಾನ್ ಕನ್ನಡದಲ್ಲಿ ಒಂದು ಮಾತೂ ಆಡುವುದಿಲ್ಲವೆಂದು ಪಕ್ಕದ ಫ್ಲ್ಯಾಟಿನ ಶ್ರುತಿ ಅತ್ತಿದ್ದಳು. ಅದಕ್ಕೇ ನಾನು ಮುಂದೆ ನಿಂತು ಇದನ್ನು ಏರ್ಪಡಿಸಿದ್ದೆ.

ತಜ್ಞೆ ಮೊದಲ ಸ್ಲೈಡ್ ತೋರಿಸುವಾಗ, ಹಿಂದಿನ ಸಾಲಿನಲ್ಲಿ ಶ್ರುತಿಯ ಅತ್ತೆ ಮೊಮ್ಮಗನನ್ನು ಮೊಣಕಾಲ ಮೇಲೆ ಕುಣಿಸುತ್ತ, ಇಲ್ಲಿನ ಗರಿಗರಿ ರೊಟ್ಟಿ ಖಾಖ್ರಾವನ್ನೂ ಸೇರಿಸಿ ಹಾಡತೊಡಗಿದರು.

“ಖಾಖ್ರಾ ತಿಂದ ಕಪ್ಪೆ, ನೀರಿಗೆ ಬಿತ್ತು ಧೊಪ್ಪೆ!”

“ಧೊಪ್ಪೆ!” ಎಂದು ವಿಹಾನ್ ಕಿರುಚಿದ.

ನಾನು ತಿರುಗಿ ತುಟಿಗೆ ಬೆರಳಿಟ್ಟೆ. “ಶ್! ಆಂಟಿ, ಪ್ಲೀಸ್, ಸ್ವಲ್ಪ ಹೊರಗೆ ಕರ್ಕೊಂಡು ಹೋಗಿ. ಇಂಪಾರ್ಟೆಂಟ್ ಸ್ಲೈಡ್ ಇದು.”

“ಆಯ್ತಮ್ಮ, ನೀವು ಕಲೀರಿ” ಎಂದು ಅವರು ಎದ್ದರು. ಉಳಿದ ಮಕ್ಕಳೂ ಅವರ ಹಿಂದೆಯೇ ಹೋದವು.

ಕೊನೆಗೆ ತಜ್ಞೆ, “ಈಗ ಒಬ್ಬೊಬ್ಬರೂ ನಿಮಗೆ ಗೊತ್ತಿರೋ ಶಿಶುಗೀತೆ ಹಾಡಿ” ಎಂದರು. ನಾನೂ ಸೇರಿದಂತೆ ಎಲ್ಲರೂ ಫೋನ್ ತೆಗೆದೆವು.

“ನೆಟ್ ಸ್ಲೋ ಇದೆ ಮೇಡಂ” ಎಂದಳು ಶ್ರುತಿ.

ಹೊರಗೆ ಮಕ್ಕಳೆಲ್ಲ ಒಟ್ಟಾಗಿ “ಧೊಪ್ಪೆ” ಎಂದು ಕೂಗುತ್ತಿದ್ದವು. ತಜ್ಞೆಯ ಮಾತು ಕೇಳಿಸಲಿಲ್ಲವೆಂದು ನಾನೇ ಹೋಗಿ ಕಿಟಕಿ ಮುಚ್ಚಿ ಬಂದೆ.

ಸಂಜೆ ಲಿಫ್ಟಿನಲ್ಲಿ ವಿಹಾನ್ ಕಪ್ಪೆಯ ಹಾಡನ್ನು ಪೂರ್ತಿ ಹಾಡುತ್ತಿದ್ದ. ನನ್ನನ್ನು ಕಂಡವನೇ ನಿಲ್ಲಿಸಿ, ತುಟಿಗೆ ಬೆರಳಿಟ್ಟು “ಶ್!” ಎಂದ.

ನಾನು ಕಲಿಸಿದ್ದನ್ನೂ ಮಗು ಮರೆತಿಲ್ಲ.