ವರ್ನಾ ಅಳೆದ ಹೈಸ್ಕೂಲು

ಆಲ್ಮಾ ಫ್ಲ್ಯಾಟ್ಸ್ ಎಂಬ ನಮ್ಮೂರಿನಲ್ಲಿ ಶಾಲೆಯ ಸಂಬಂಧವೇ ಇಲ್ಲದ ಜೀವವೆಂದರೆ ವರ್ನಾ ಟಾಲೆಫ್‌ಸನ್ ಒಬ್ಬಳೇ. ಮಕ್ಕಳಿಲ್ಲ, ಮರಿಗಳಿಲ್ಲ, ಅಂಚೆ ಕಚೇರಿಯಿಂದ ನಿವೃತ್ತಳಾಗಿ ಮನೆಯಲ್ಲಿದ್ದಳು. ಅಮೆರಿಕದ ಮೊಂಟಾನಾ ರಾಜ್ಯದ ನಮ್ಮ ಕಡೆ ಹೈಸ್ಕೂಲು ನಡೆಸಲಿಕ್ಕೇ ಬೇರೆ ಶಾಲಾ ಜಿಲ್ಲೆ. ನಮ್ಮ ಜಿಲ್ಲೆಯಲ್ಲಿರುವುದು ಒಂದೇ ಶಾಲೆ. ಅದರ ಮುಖ್ಯಸ್ಥ ಆರ್ಲೋ ಗಣಿತವನ್ನೂ ಕಲಿಸುತ್ತಾನೆ, ಬಸ್ಸನ್ನೂ ಓಡಿಸುತ್ತಾನೆ.

ಊರಿಗೆ ದನದ ಡಾಕ್ಟರಿರಲಿಲ್ಲ. ಹಸು ಕರು ಹಾಕಲಾಗದೆ ಒದ್ದಾಡಿದರೆ ಎರಡು ಗಂಟೆಯ ದಾರಿಯಿಂದ ಯಾರಾದರೂ ಬರಬೇಕು. ಕೊನೆಗೆ ಜಾನಿಸ್ ಪರ್ಡಿ ಎಂಬ ಡಾಕ್ಟರು ಬರಲು ಒಪ್ಪಿದಳು. ಆದರೆ ಅವಳಿಗೆ ಹೈಸ್ಕೂಲಿನ ಹನ್ನೊಂದನೇ ತರಗತಿಗೆ ಸೇರಬೇಕಾದ ಮಗಳಿದ್ದಳು. "ಶಾಲೆ ಹೇಗಿದೆ ಅಂತ ಶಾಲೆಯವರು ಹೇಳೋದು ಬೇಡ. ಹೊರಗಿನವರು ಯಾರಾದ್ರೂ ಪ್ರಕಟವಾಗಿರೋ ಅಂಕಿಅಂಶ ನೋಡಿ ಹೇಳ್ಲಿ" ಎಂದು ಷರತ್ತು ಹಾಕಿದಳು. ಆ ಕೆಲಸ ವರ್ನಾಳ ಹೆಗಲೇರಿತು.

ರಾಜ್ಯದ ಶಿಕ್ಷಣ ಇಲಾಖೆಯ ಜಾಲತಾಣ ತೆರೆದರೆ ಗಣಿತದ ಮುಂದೆ ಅಂಕಿಯ ಬದಲು ಒಂದು ನಕ್ಷತ್ರದ ಗುರುತು. ಓದಿನ ಮುಂದೂ ನಕ್ಷತ್ರ, ವಿಜ್ಞಾನದ ಮುಂದೂ ನಕ್ಷತ್ರ. ತರಗತಿಯಲ್ಲಿ ಹತ್ತಕ್ಕಿಂತ ಕಡಿಮೆ ಮಕ್ಕಳಿದ್ದರೆ ಯಾರು ಯಾರೆಂದು ಗುರುತು ಸಿಗಬಾರದೆಂದು ಅಂಕಿ ಮುಚ್ಚಿಡುತ್ತಾರಂತೆ. ನಮ್ಮ ಹನ್ನೊಂದನೇ ತರಗತಿಯಲ್ಲಿದ್ದವರು ಒಂಬತ್ತು. ಆ ಒಂಬತ್ತೂ ಮಂದಿ ದಿನಾ ವರ್ನಾಳ ಅಡುಗೆಮನೆ ಕಿಟಕಿಯ ಮುಂದೆಯೇ ಹಾದುಹೋಗುತ್ತಿದ್ದರು. ಕಿಟಕಿ ದಾಖಲೆಯಲ್ಲವೆಂದು ಅವಳು ಪರದೆ ಎಳೆದಳು.

ಕೆಫೆಯಲ್ಲಿ ಆರ್ಲೋ ಸಿಕ್ಕಿದ. "ಅಲ್ಲ ವರ್ನಾ, ನನ್ನನ್ನೇ ಕೇಳಬಾರದಾ? ಯಾರಿಗೆ ಏನು ಬರುತ್ತೆ, ಏನು ಬರಲ್ಲ, ಎಲ್ಲಾ ಬಾಯಲ್ಲೇ ಇದೆ."

"ನೀನು ಪ್ರಕಟವಾಗಿಲ್ಲ ಆರ್ಲೋ. ಸುಮ್ನೆ ತಟ್ಟೆಯಲ್ಲಿರೋ ಪೈ ತಿನ್ನು."

ಪ್ರಕಟವಾಗಿದ್ದದ್ದು ಎರಡೇ. ಒಂದು, ಮೂರು ಮಕ್ಕಳಿಗೊಬ್ಬ ಮೇಷ್ಟ್ರು ಎಂಬ ಲೆಕ್ಕ. ಅದರಲ್ಲಿ ಆರ್ಲೋನನ್ನು ಎರಡು ಸಲ ಎಣಿಸಿದ್ದರು. ಇನ್ನೊಂದು, ಯಾವನೋ ಹೆಸರು ಹೇಳದೆ ಬರೆದಿದ್ದ ದೂರು: ಫುಟ್‌ಬಾಲ್ ಮೈದಾನದ ತುಂಬ ನೆಲ ತೋಡುವ ಅಳಿಲುಗಳ ಬಿಲ. ವರ್ನಾ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿದಳು.

ಜಾನಿಸ್ ಕುಣಿದಾಡುತ್ತ ಫೋನ್ ಮಾಡಿದಳು. "ಎಲ್ಲದಕ್ಕೂ ನಕ್ಷತ್ರಾನಾ! ಇಲ್ಲಿನ ಶಾಲೆಗೆ ಒಂದೂ ಇಲ್ಲ."

ವರ್ನಾ ಅವಸರದಿಂದ ತಡೆದಳು. "ಅದು ಹೊಗಳಿಕೆ ಅಲ್ಲಮ್ಮ. ಗೊತ್ತಿಲ್ಲ ಅಂತ ಅರ್ಥ."

ಆ ಕಡೆ ವರದಿಯ ಹಾಳೆ ಮಗುಚಿದ ಸದ್ದಾಯಿತು. "ಮತ್ತೆ ಬಿಲ?"

"ಅದು ಯಾರೋ ಒಬ್ಬನ ಅಭಿಪ್ರಾಯ."

"ಸರಿ, ಬರ್ತೀವಿ. ಮೋಸ ಮಾಡೋ ಊರಾಗಿದ್ರೆ ಇಷ್ಟು ದರಿದ್ರ ವರದಿ ಕಳಿಸ್ತಿರಲಿಲ್ಲ."

ಮಗಳು ಬಂದಳು, ತರಗತಿ ಹತ್ತಾಯಿತು. ಪರೀಕ್ಷೆ ಮುಗಿದ ಮೇಲೆ ನೋಡಿದರೆ ನಕ್ಷತ್ರ ಮಾಯ! ಗಣಿತದಲ್ಲಿ ಪಾಸಾದವರು ಶೇಕಡಾ ನಲವತ್ತು ಎಂದು ಇಡೀ ರಾಜ್ಯಕ್ಕೆ ಕಾಣುವ ಹಾಗೆ ಹಾಕಿದ್ದರು. ನಲವತ್ತೆಂದರೆ ನಾಲ್ಕು ಮಕ್ಕಳು. ಕೆಫೆಯಲ್ಲಿ ಏಳು ಮನೆಯವರು ಆ ನಾಲ್ಕರಲ್ಲಿ ತಮ್ಮದೊಂದು ಎಂದು ಎದೆಯುಬ್ಬಿಸಿದರು.

"ನಿಮ್ಮ ಮಗಳು ಬರೋವರೆಗೂ ನಮ್ಮ ಮಾನ ಮುಚ್ಚಿತ್ತು ಡಾಕ್ಟ್ರೇ!" ಎಂದು ಗೋಧಿ ಬೆಳೆಯುವ ಕ್ಲೈಡ್ ಕೂಗಾಡಿದ.

"ಅವಳು ಪಾಸಾಗಿದ್ದಾಳೆ" ಎಂದಳು ಜಾನಿಸ್.

"ಅಯ್ಯಯ್ಯೋ, ಹಾಗಾದ್ರೆ ಉಳಿದಿದ್ದು ಮೂರೇ!"

ಎಲ್ಲರೂ ಆರ್ಲೋನ ಮೇಲೆ ಮುಗಿಬಿದ್ದರು. ಹೆಸರು ಹೇಳಿದರೆ ಕಾನೂನು ಬಿಡುವುದಿಲ್ಲವೆಂದು ಅವನು ಕೆಫೆಗೆ ಬರುವುದನ್ನೇ ಬಿಟ್ಟ. ಈ ರಂಪಕ್ಕೆಲ್ಲ ತಾನೇ ಕಾರಣವೆಂದು ವರ್ನಾಳಿಗೆ ನಿದ್ದೆ ಹತ್ತಲಿಲ್ಲ. ಒಂದು ಸೋಮವಾರ, ಕಣ್ಣಾರೆ ನೋಡಿಬಿಡೋಣವೆಂದು ನೇರವಾಗಿ ಹೋಗಿ ಗಣಿತದ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತಳು. ಮರುದಿನ ಕ್ಲೈಡ್ ಬಂದ. ಆ ವಾರ ಮುಗಿಯುವಷ್ಟರಲ್ಲಿ ಏಳೂ ಮನೆಯವರು ಬಂದರು. ಆರ್ಲೋ ಬೆವರುತ್ತ ಬೀಜಗಣಿತದ ಲೆಕ್ಕವೊಂದನ್ನು ಬೋರ್ಡಿನ ಮೇಲೆ ಬರೆದು ಕ್ಲೈಡ್‌ನನ್ನು ಕರೆದ. ಕ್ಲೈಡ್ ಸೀಮೆಸುಣ್ಣ ಹಿಡಿದು ಬಹಳ ಹೊತ್ತು ನಿಂತ. ಕೊನೆಗೆ ಮೊದಲ ಸಾಲಿನಲ್ಲಿದ್ದ ಸ್ವಂತ ಮಗನ ಕಡೆ ತಿರುಗಿ, "ಒಂಚೂರು ಹೇಳ್ಕೊಡೋ" ಎಂದು ಪಿಸುಗುಟ್ಟಿದ.

"ನಂಗೂ ಗೊತ್ತಿಲ್ಲಪ್ಪ" ಎಂದ ಮಗ.