ಮನೆ ನೋಡಲು ಹೋಗಿ ಕಾರು ಚಾರ್ಜಿಗೆ ಹಾಕಿದ್ದು

ನಮ್ಮ ಅಪ್ಪ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿದ್ದು ನಿವೃತ್ತರಾದವರು. ಅವರು ಇದ್ದದ್ದು ಸ್ಟೋರಿನಲ್ಲಿ. ನಟ್ಟು, ಬೋಲ್ಟು, ಕೈಗವಸು, ಪೊರಕೆ ಕೊಡುವ ಕೆಲಸ. ಆದರೂ ನಮ್ಮ ಮನೆಯಲ್ಲಿ ಒಂದು ಬಲ್ಬು ಹೊತ್ತಿಕೊಂಡರೆ ಅದನ್ನು ತಾವೇ ಕಳಿಸಿಕೊಟ್ಟಷ್ಟು ಹೆಮ್ಮೆ ಅವರಿಗೆ. "ನಾವು ಕರೆಂಟ್ ಮಾಡಿ ಕಳಿಸಿದ ಮಂದಿ" ಎಂದು ಅವರು ಹೇಳಿದ ಮೇಲೆ ಯಾರೂ ಎದುರು ಮಾತಾಡುವಂತಿರಲಿಲ್ಲ. ಹೀಗಾಗಿ ರಾಯಚೂರಿನಿಂದ ದೇವದುರ್ಗದ ಕಾಲೇಜಿಗೆ ಪಾಠ ಹೇಳಲು ಓಡಾಡುತ್ತಿದ್ದ ನಾನು ಎಲೆಕ್ಟ್ರಿಕ್ ಕಾರು ಕೊಂಡಾಗ, ಸ್ಟಿಯರಿಂಗ್ ನನ್ನ ಕೈಗೆ ಬಂತು, ಬ್ಯಾಟರಿ ಅಪ್ಪನ ಸುಪರ್ದಿಗೆ ಹೋಯಿತು.

ಕಾರು ಕೊಡುವ ದಿನ ಶೋರೂಮಿನ ಹುಡುಗಿ ಎಲ್ಲವನ್ನೂ ತಾಳ್ಮೆಯಿಂದ ಹೇಳಿದ್ದಳು. ಮನೆಯ ಪ್ಲಗ್ಗಿನಲ್ಲಿ ನಿಧಾನವಾಗಿ ಚಾರ್ಜ್ ಮಾಡುವುದು ಬ್ಯಾಟರಿಗೆ ಒಳ್ಳೆಯದು. ದಿನಾ ಫಾಸ್ಟ್ ಚಾರ್ಜರಿಗೆ ಹಾಕಿದರೆ ಬಿಸಿಯಾಗಿ ಬೇಗ ಹಳತಾಗುತ್ತದೆ. ಅಪರೂಪಕ್ಕೆ ಹಾಕಿದರೆ ಏನೂ ಆಗುವುದಿಲ್ಲ. ಅಪ್ಪ ಮೊದಲ ಎರಡು ಮಾತು ಕೇಳಿ ಎದ್ದು ಟೈರು ನೋಡಲು ಹೋದರು. ಮೂರನೆಯದು ಅವರ ಕಿವಿಗೆ ಬೀಳಲೇ ಇಲ್ಲ.

"ಊಟ ಹೆಂಗ ಮಾಡಬೇಕು? ಅಗದು ಅಗದು ಮಾಡಬೇಕು" ಎಂದು ಅಂದಿನಿಂದ ಶುರುವಾಯಿತು. "ಗಬಗಬ ತಿಂದ್ರ ಮನಷ್ಯಾಗೇ ಅಜೀರ್ಣ ಆಗ್ತದ. ಅದು ಮಾತು ಬರದ ಜೀವ."

ಹೊಟ್ಟೆ ಬಿರಿಯುವಂತೆ ತುಂಬಬಾರದು ಎಂದು ನೂರಕ್ಕೆ ಎಂಬತ್ತಾಗುತ್ತಲೇ ಬೆಳಗಿನ ಜಾವದಲ್ಲಿ ಎದ್ದು ಬಂದು ಪ್ಲಗ್ ಕಿತ್ತಿಡುತ್ತಿದ್ದರು. ಊರ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ಫಾಸ್ಟ್ ಚಾರ್ಜರ್ ಹಾಕಿದ್ದರು. ಅದರ ಮುಂದೆ ಹಾಯುವಾಗ ಸಾರಾಯಿ ಅಂಗಡಿ ಮುಂದೆ ಹಾಯುವ ಸಂಭಾವಿತರ ಹಾಗೆ ಅಪ್ಪ ಮುಖ ಆ ಕಡೆ ತಿರುಗಿಸಿಬಿಡುತ್ತಿದ್ದರು.

ಇಂಥದ್ದರಲ್ಲಿ ನನಗೆ ಮಾನ್ವಿಯ ಒಂದು ಸಂಬಂಧ ಬಂತು. ಹುಡುಗ ಅಲ್ಲಿನ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್, ಮನೆಯಲ್ಲಿ ಅವನು ಮತ್ತು ಅವನ ತಾಯಿ ಇಬ್ಬರೇ. ಫೋಟೋಗಳು ಆ ಕಡೆ ಈ ಕಡೆ ಹೋಗಿ ಬಂದಿದ್ದವು. ದೇವದುರ್ಗದಲ್ಲಿದ್ದ ನನ್ನ ಸೋದರತ್ತೆ, ಎಂದರೆ ಅಪ್ಪನ ಅಕ್ಕ, ಒಂದು ಕರಾರು ಹಾಕಿದ್ದಳು: "ಮೊದಲ ನಾವು ಮನಿ ನೋಡೂನು. ಮನಿ ಪಸಂದ ಆದ್ರ ಹುಡುಗೀನ ತೋರಸೂನು."

ಮನೆ ನೋಡಲು ಹುಡುಗಿ ಹೋಗುವ ಪದ್ಧತಿಯಿಲ್ಲ. ಆದರೆ ಅಪ್ಪನಿಗೆ ಕಾರು ಓಡಿಸಲು ಬಾರದು. ಬಸ್ಸಿಗೆ ಹೋಗಿ ಬನ್ನಿ ಎಂದೆ. ಅತ್ತೆ ಫೋನಿನಲ್ಲೇ ಗುಡುಗಿದಳು. "ಮನಿ ಮುಂದ ಕಾರ್ ನಿಂದ್ರಿಸಿಕೊಂಡು ಬಸ್ಸಿಗೆ ಹೋದ್ರ ಅವ್ರು ನಮ್ಮನ್ನೇನು ತಿಳ್ಕೋಬೇಕು? ನೀನೇ ನಡಸು. ಅಲ್ಲಿ ಹೋದ ಮ್ಯಾಲ ಗಾಡಿ ಬಿಟ್ಟು ಇಳಿಬ್ಯಾಡ. ಕೇಳಿದ್ರ ಡ್ರೈವರ್ ಅಂತೀವಿ."

ಆ ಭಾನುವಾರ ಬೇಸಿಗೆ ತನ್ನ ತುತ್ತತುದಿಯಲ್ಲಿತ್ತು. ಹಿಂದಿನ ಸಂಜೆ ಗಾಳಿಗೆ ತಂತಿ ಹರಿದು ನಮ್ಮ ಓಣಿಯಲ್ಲಿ ಕರೆಂಟೇ ಇರಲಿಲ್ಲ. ಬೆಳಗ್ಗೆ ನೋಡಿದರೆ ಬ್ಯಾಟರಿ ಅರ್ಧಕ್ಕಿಂತ ಚೂರು ಮೇಲಿತ್ತು. ಅಮ್ಮ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಳು. ಡ್ಯಾಶ್‌ಬೋರ್ಡಿನ ಮೇಲೆ ಬುದ್ಧನ ಮೂರ್ತಿ ಕೂತಿದ್ದರೂ ಟೈರಿನಡಿ ನಿಂಬೆಹಣ್ಣು ಇಡುವುದನ್ನು ಅವಳು ಬಿಟ್ಟಿರಲಿಲ್ಲ. "ಬುದ್ಧ ಬ್ಯಾಡ ಅನ್ನಂಗಿಲ್ಲ ತೊಗೊ" ಎಂದು ಕಳಿಸಿಕೊಟ್ಟಳು.

ಬಂಕಿನ ಹತ್ತಿರ ಬಂದಾಗ ನಾನು ವೇಗ ತಗ್ಗಿಸಿದೆ. "ಅಪ್ಪ, ಒಂದು ಚಹಾ ಕುಡಿಯೂದ್ರಾಗ ತುಂಬ್ತದ. ಹಾಕ್ಲೇನು?"

"ಮುಂದ ನಡಿ" ಎಂದರು ಅಪ್ಪ, ಮುಖ ಆ ಕಡೆ ಇಟ್ಟುಕೊಂಡೇ. "ಇನ್ನಾ ಬೇಕಾದಷ್ಟದ."

ದೇವದುರ್ಗದಲ್ಲಿ ಅತ್ತೆ ಹತ್ತಿದಳು. ಅವಳ ಜೊತೆ ಜೋಳದ ಹಿಟ್ಟಿನ ಚೀಲ, ಶೇಂಗಾ ಚೀಲ, ಬದನೆಕಾಯಿ ಚೀಲ ಹತ್ತಿದವು. ಎಲ್ಲ ನಮ್ಮ ಮನೆಗೆಂದು ತಂದದ್ದು. ಕೂತವಳೇ ಏಸಿಯ ಕಿಂಡಿಯನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡು "ಇನ್ನಾ ತಣ್ಣಗ ಮಾಡು ಬೇ" ಎಂದಳು. ಅರಕೇರಾ ದಾಟುವಷ್ಟರಲ್ಲಿ ಮುಂದಿನ ಪರದೆಯ ಮೇಲಿನ ಅಂಕಿ ರಸ್ತೆಗಿಂತ ಜೋರಾಗಿ ಓಡತೊಡಗಿತ್ತು. ಅಪ್ಪ ಅದನ್ನು ಕದ್ದು ಕದ್ದು ನೋಡುತ್ತಿದ್ದರು. ಕೊನೆಗೆ ಮೆಲ್ಲಗೆ, "ಅಕ್ಕಾ, ಕಿಟಕಿ ತೆಗದ್ರ ಛಲೋ ಗಾಳಿ ಬರ್ತದ. ಏಸಿ ಬಂದ್ ಮಾಡೂನೇನು?" ಎಂದರು.

"ನನ್ನ ಕುದಿಸಿ ನಿನ್ನ ಬ್ಯಾಟ್ರಿ ತಣ್ಣಗ ಇಡ್ತೀಯೇನು?" ಎಂದಳು ಅತ್ತೆ. ಏಸಿ ಬಂದ್ ಆಗಲಿಲ್ಲ.

ಮಾನ್ವಿಯಲ್ಲಿ ಒಂದು ಫಾಸ್ಟ್ ಚಾರ್ಜರ್ ಇದೆ ಎಂದು ಫೋನಿನ ನಕಾಶೆ ತೋರಿಸುತ್ತಿತ್ತು. ಹುಡುಕಿಕೊಂಡು ಹೋದರೆ ಯಂತ್ರ ಇತ್ತು, ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಅದರ ನೆರಳಿಗೆ ಎರಡು ಆಡು ಮಲಗಿದ್ದವು. ವಾಪಸು ರಾಯಚೂರಿಗೆ ಹೋಗುವಷ್ಟು ಚಾರ್ಜು ನಮ್ಮಲ್ಲಿರಲಿಲ್ಲ. ಆದರೂ ಫಾಸ್ಟ್ ಚಾರ್ಜರ್ ತಪ್ಪಿತೆಂದು ಅಪ್ಪನ ಮುಖದಲ್ಲಿ ಒಂದು ನೆಮ್ಮದಿ ಕಂಡಿತು.

ಹುಡುಗನ ಮನೆ ಮುಂದೆ ದೊಡ್ಡ ಬೇವಿನ ಮರ. ಅಪ್ಪ ಮತ್ತು ಅತ್ತೆ ಇಳಿದು ಒಳಗೆ ಹೋದರು. ನಾನು ದುಪಟ್ಟಾವನ್ನು ಮುಖಕ್ಕೆ ಸುತ್ತಿಕೊಂಡು, ಬಿಸಿಲಿನ ಕನ್ನಡಕ ಹಾಕಿಕೊಂಡು ಡ್ರೈವರ್ ಆಗಿ ಕೂತೆ. ಉಳಿದ ಚಾರ್ಜು ಹೋಗಬಾರದೆಂದು ಏಸಿ ಆರಿಸಿದ್ದೆ. ಮರದ ನೆರಳು ನಿಧಾನಕ್ಕೆ ಸರಿದು ಪಕ್ಕದ ಮನೆಯ ಎಮ್ಮೆಯ ಮೇಲೆ ಹೋಗಿ ಕೂತಿತು.

ಸ್ವಲ್ಪ ಹೊತ್ತಿಗೆ ಒಬ್ಬ ಗಂಡಸು ತಂಬಿಗೆಯಲ್ಲಿ ನೀರು ಹಿಡಿದುಕೊಂಡು ಬಂದ. "ಡ್ರೈವರ್‌ಗೆ ನೀರು ಕೊಟ್ಟು ಬಾ ಅಂದ್ರು ನಮ್ಮವ್ವ" ಎಂದು ಕಿಟಕಿಯೊಳಗೆ ಚಾಚಿದ. ಬಾಯಾರಿಕೆಯಲ್ಲಿ ನಾನು ದುಪಟ್ಟಾ ಸರಿಸಿ, ಕನ್ನಡಕ ತೆಗೆದು ಗಟಗಟ ಕುಡಿದೆ. ತಂಬಿಗೆ ಕೆಳಗಿಳಿಸಿದಾಗ ಒಬ್ಬರಿಗೊಬ್ಬರ ಗುರುತು ಹತ್ತಿತ್ತು. ಫೋಟೋದಲ್ಲಿದ್ದುದಕ್ಕಿಂತ ಅವನ ತಲೆಯಲ್ಲಿ ಕೂದಲು ಕಡಿಮೆ ಇದ್ದವು. ನನ್ನ ಮುಖವಂತೂ ಬೇಯಿಸಿದ ಗೆಣಸಿನಂತಿತ್ತು.

"ಈಗ ನಾ ನಿಮ್ಮನ್ನ ನೋಡಿದಂಗ ಆತೋ, ಇಲ್ಲೋ?" ಎಂದು ಕೇಳಿದ.

"ನೋಡಿಲ್ರಿ. ನಾನು ಡ್ರೈವರ್."

"ಡ್ರೈವರ್‌ಗೆ ಭಾಳ ಬೆವರು ಬಂದದ. ಒಳಗ ಬರ್ರಿ."

"ಅತ್ತಿ ಬಯ್ತಾಳ್ರಿ" ಎಂದೆ. ಆಮೇಲೆ ತಡೆಯಲಾಗದೆ ಕೇಳಿಯೇಬಿಟ್ಟೆ. "ನಿಮ್ಮ ಮನ್ಯಾಗ ದೊಡ್ಡ ಪ್ಲಗ್ ಅದ ಏನ್ರಿ? ಗೀಜರ್, ವಾಷಿಂಗ್ ಮಷಿನ್‌ಗೆ ಹಾಕ್ತಾರಲ್ಲ, ಅಂಥಾದ್ದು?"

ಮುಂದೆ ಗಂಡನಾಗಬಹುದಾದವನಿಗೆ ನಾನು ಕೇಳಿದ ಮೊದಲ ಪ್ರಶ್ನೆ ಅದು. ಅವನು ನಗಲಿಲ್ಲ. ಗಂಭೀರವಾಗಿ ಯೋಚಿಸಿ, "ಪಡಸಾಲ್ಯಾಗ ಒಂದದ್ರಿ, ಕೂಲರ್ ಹಿಂದ" ಎಂದ.

ಪಡಸಾಲೆಯಲ್ಲೇ ಅತ್ತೆ ಕೂತಿದ್ದಳು. ಹುಡುಗಿ ಬಹಳ ನಾಚಿಕೆ ಸ್ವಭಾವದವಳು, ಮನೆ ಬಿಟ್ಟು ಹೊರಗೆ ಬರುವುದೇ ಕಡಿಮೆ ಎಂದು ಹೇಳುತ್ತಿದ್ದಳು. ಅಷ್ಟರಲ್ಲಿ ನಾನು ಹೆಗಲಿಗೆ ಚಾರ್ಜರಿನ ದಪ್ಪ ವೈರು ಸುತ್ತಿಕೊಂಡು ಒಳಗೆ ಬಂದೆ. ಅತ್ತೆ ಹೊರಗೆ ಹೋಗು ಎಂದು ನನಗೆ ಕಣ್ಸನ್ನೆ ಮಾಡಿದಳು.

ಹುಡುಗನ ತಾಯಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಅತ್ತೆಯ ಕಡೆ ತಿರುಗಿದರು. "ಈಕಿ ನಿಮ್ಮ ಹುಡುಗಿ ಅಲ್ಲೇನ್ರಿ? ಇಷ್ಟೊತ್ತು ಬಿಸಲಾಗ ಒಣಾಕ ಹಾಕಿದ್ರೇನು?" ಎಂದವರೇ ನನ್ನ ಕೈ ಹಿಡಿದು ಕೂಲರಿನ ಮುಂದೆ ಕೂರಿಸಿದರು.

ವೈರನ್ನು ಕಿಟಕಿಯಿಂದ ಹೊರಗೆ ಬಿಟ್ಟು ಕಾರಿಗೆ ಸಿಕ್ಕಿಸಿದೆವು. ಚಾರ್ಜರಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿತು. ಮನೆಯ ವೈರಿಂಗಿನಿಂದ ಭೂಮಿಗೆ ಇಳಿಸಿದ ಅರ್ಥಿಂಗ್ ಸರಿಯಿಲ್ಲದಿದ್ದರೆ ಈ ಕಾರು ಕರೆಂಟು ಮುಟ್ಟುವುದಿಲ್ಲ. ಅಪ್ಪ ಕುರ್ಚಿಯಿಂದ ಎದ್ದರು. ಅಷ್ಟು ವರ್ಷ ಸ್ಟೋರಿನಲ್ಲಿ ಕೂತಿದ್ದು ಈ ಗಳಿಗೆಗಾಗಿಯೇ ಎಂಬಂತೆ ಎದೆಯುಬ್ಬಿಸಿ, "ಅರ್ಥ್ ಗುಂಡಿ ಎಲ್ಲದ? ಭೂಮಿ ಒಣಗಿದ್ರ ಹಿಂಗ ಆಗ್ತದ. ಉಪ್ಪು ತರ್ರಿ, ನೀರು ತರ್ರಿ" ಎಂದರು.

ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಕಬ್ಬಿಣದ ಪೈಪೊಂದು ನೆಲದಿಂದ ತಲೆ ಎತ್ತಿ ನಿಂತಿತ್ತು. ಹುಡುಗನ ತಾಯಿ ಹರಳುಪ್ಪಿನ ಡಬ್ಬಿ ತಂದರು. ಹುಡುಗ ಕೊಡದಲ್ಲಿ ನೀರು ತಂದ. ಅಪ್ಪ ಉಪ್ಪು ಹಾಕಿ "ಹುಂ, ಬಿಡ್ರಿ" ಎಂದಾಗ ಎಲ್ಲರೂ ಸುತ್ತ ನಿಂತು ನೀರು ಸುರಿದೆವು. ಭೂಮಿ ಬುಳುಬುಳು ಎಂದು ಕುಡಿಯಿತು. ಅತ್ತೆ ಏನು ನಡೆಯುತ್ತಿದೆಯೆಂದು ತಿಳಿಯದಿದ್ದರೂ ಸೆರಗು ತಲೆಗೆಳೆದುಕೊಂಡು ಕೈ ಮುಗಿದು ನಿಂತಿದ್ದಳು. ಒಳಗೆ ಹೋಗಿ ನೋಡಿದರೆ ಹಸಿರು ದೀಪ.

"ಎಷ್ಟೊತ್ತು ಬೇಕಾಗ್ತದ್ರಿ?" ಎಂದು ಹುಡುಗನ ತಾಯಿ ಕೇಳಿದರು.

"ಸಂಜಿ ಆಗ್ತದ್ರಿ" ಎಂದೆ ನೆಲ ನೋಡುತ್ತ.

ಮನೆ ನೋಡುವುದೆಂದರೆ ಚಹಾ, ಮಂಡಕ್ಕಿಯ ಸೂಸಲಾ, ಎರಡು ಕುಶಲದ ಮಾತು, ಎದ್ದು ಬರುವುದು. ಅಷ್ಟು ಹೊತ್ತು ಯಾರಾದರೂ ಒಳ್ಳೆಯವರಾಗಿ ಇರಬಲ್ಲರು. ಸಂಜೆಯವರೆಗೆ ಇರುವುದು ಕಷ್ಟ. ಕಾರಿನ ಜೊತೆಗೆ ಕೂಲರೂ ನಡೆದರೆ ಮನೆಯ ಫ್ಯೂಸು ಹೋಗುತ್ತಿತ್ತು. ಆದ್ದರಿಂದ ಕೂಲರ್ ಬಂದ್ ಮಾಡಿ ಎಲ್ಲರೂ ಬೇವಿನ ಮರದ ಕೆಳಗೆ ಬಂದೆವು. ಅಪ್ಪ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಹೊರಸಿನ ಮೇಲೆ ಅಡ್ಡಾದವರು ಗೊರಕೆ ಹೊಡೆಯತೊಡಗಿದರು. ಊಟದ ಹೊತ್ತಾಯಿತು. ಅತ್ತೆಯ ಚೀಲಗಳು ಕಾರಿನಿಂದ ಇಳಿದು ಆ ಮನೆಯ ಅಡುಗೆಮನೆಗೆ ಹೋದವು, ಅವುಗಳ ಹಿಂದೆ ಅತ್ತೆಯೂ ಹೋದಳು. ನಿಜವಾದ ಮನೆ ನೋಡುವಿಕೆ ಆಗ ಶುರುವಾಯಿತು. ಡಬ್ಬಿ ಡಬ್ಬಿ ತೆಗೆದು ಮೂಸಿದಳು. ಬದನೆಕಾಯಿ ಎಣ್ಣೆಗಾಯಿಗೆ ಖಾರ ಎಷ್ಟು ಎಂಬುದರ ಮೇಲೆ ಒಳಗೆ ಜೋರು ವಾದ ಕೇಳಿಸಿತು.

"ನಮ್ಮ ಕಡಿ ಹಿಂಗ ಸಪ್ಪ ಉಣ್ಣಂಗಿಲ್ಲ." ಇದು ಅತ್ತೆ.

"ಹಂಗಂತ ಹೊಟ್ಟಿ ಸುಟ್ಕೊಂತಾರೇನ್ರಿ?"

ರೊಟ್ಟಿ ಬಡಿಯುವ ಸಪ್ಪಳ ಏಳುವ ಹೊತ್ತಿಗೆ ವಾದ ನಿಂತು, ಇಬ್ಬರೂ ಒಬ್ಬರಿಗೊಬ್ಬರು ಮಂಡಿನೋವಿನ ಎಣ್ಣೆ ಹೇಳಿಕೊಡುತ್ತಿದ್ದರು.

ನಾನು ಒಗೆಯುವ ಕಲ್ಲಿನ ಮೇಲೆ ಕೂತು ಕಿಟಕಿಯೊಳಗಿನ ಹಸಿರು ದೀಪ ಕಾಯುತ್ತಿದ್ದೆ. ಹುಡುಗ ಹೊಸಲಿನ ಮೇಲೆ ಕೂತು ಅದನ್ನೇ ಕಾಯುತ್ತಿದ್ದ. ಅದಕ್ಕೆ ಮುಂಚೆ ಎಷ್ಟೋ ಸಲ ನಾನು ಟ್ರೇ ಹಿಡಿದು ಗಂಡಿನವರ ಮುಂದೆ ಕೂತದ್ದುಂಟು. ಎಲ್ಲರೂ ನನ್ನನ್ನು ನೋಡುತ್ತಿದ್ದರು, ನಾನು ಬಿಸ್ಕತ್ತು ನೋಡುತ್ತಿದ್ದೆ. ಆ ದಿನ ನಾವಿಬ್ಬರೂ ಒಂದು ದೀಪ ನೋಡುತ್ತಿದ್ದುದರಿಂದ ಮಾತು ಸಲೀಸಾಗಿ ಬಂತು. ದಿನವಿಡೀ ಮಂದಿಗೆ ಸೂಜಿ ಚುಚ್ಚಿದರೂ ತನಗೆ ಯಾರಾದರೂ ಚುಚ್ಚಿದರೆ ತಲೆ ತಿರುಗುತ್ತದೆಂದು ಅವನು ಹೇಳಿದ. ನಾನು ಪಾಠ ಹೇಳುವಾಗ ಹಿಂದಿನ ಬೆಂಚಿನವರು ಮಲಗಿದರೆ ಎಬ್ಬಿಸುವುದಿಲ್ಲವೆಂದು ಹೇಳಿದೆ. ನಡುವೆ ಕರೆಂಟು ಹೋಯಿತು. ಇಬ್ಬರೂ ಎದ್ದು ನಿಂತೆವು. ಬಂದಾಗ ಕೂತೆವು. ಅದು ಮತ್ತೆ ಹೋದರೆ ಒಳ್ಳೆಯದು ಎಂದು ನನಗೆ ಅನ್ನಿಸಿದ್ದನ್ನು ಯಾರಿಗೂ ಹೇಳಲಿಲ್ಲ.

ಊಟದ ಮೇಲೆ ಅಪ್ಪ ಅವನೆದುರು ಫಾಸ್ಟ್ ಚಾರ್ಜಿಂಗ್ ವಿರುದ್ಧ ತಮ್ಮ ಭಾಷಣ ಶುರು ಮಾಡಿದರು. ಅಗಿದು ಉಣ್ಣುವುದು, ಅಜೀರ್ಣ, ಮಾತು ಬರದ ಜೀವ, ಎಲ್ಲ ಬಂತು. ಅವನು ತಾಳ್ಮೆಯಿಂದ ಕೇಳಿದ.

"ಖರೇ ಅದ್ರಿ ನೀವಂದದ್ದು. ನಾವೂ ಸಲೈನ್ ಹನಿ ಹನಿನೇ ಬಿಡ್ತೀವಿ. ಆದ್ರ ಪೇಷಂಟ್ ಪೂರಾ ಸುಸ್ತಾಗಿ ಬಂದಿದ್ರ ಡಾಕ್ಟ್ರು ಜೋರು ಬಿಡು ಅಂತಾರ. ದಿನಾ ಹಂಗ ಮಾಡಬಾರದು, ಅಷ್ಟೇ. ಜೀವ ಹೋಗೋವಾಗ ಹನಿ ಹನಿ ಅಂತ ಕುಂತ್ರ ಹೆಂಗ್ರಿ?"

ಅಪ್ಪ ತಲೆದೂಗಿದರು. ನಾನು ಇದನ್ನೇ ನೂರು ಸಲ ಹೇಳಿದ್ದೆ. ಆದರೆ ಅಪ್ಪನಿಗೆ ಸಲೈನ್ ಬಾಟಲಿಯ ಮೇಲೆ ಇದ್ದ ಗೌರವ ನನ್ನ ಎಂ.ಎ. ಮೇಲೆ ಇರಲಿಲ್ಲ.

ಹೊರಡುವಾಗ ಹುಡುಗನ ತಾಯಿ ನನ್ನನ್ನೇ ಕೇಳಿದರು, ಅತ್ತೆಯನ್ನಲ್ಲ. "ಮನಿ ನೋಡಿದೆಲ್ಲವ್ವಾ. ಹೆಂಗನಸ್ತು?"

"ಅರ್ಥಿಂಗ್ ಒಂದು ಸರಿ ಮಾಡಸ್ರಿ" ಎಂದೆ. ಅವರಿಗೆ ಅರ್ಥವಾಯಿತು. ಅವರ ಮಗನ ಕಿವಿ ಕೆಂಪಾದವು.

ಸಂಗತಿಯನ್ನು ಅಮ್ಮನಿಗೆ ತಾನೇ ಹೇಳಬೇಕೆಂದು ಅತ್ತೆಯೂ ನಮ್ಮೊಂದಿಗೆ ರಾಯಚೂರಿಗೆ ಹೊರಟಳು. ಊರು ಹತ್ತಿರವಾದಾಗ ಹೊತ್ತು ಮುಳುಗುತ್ತಿತ್ತು, ಅರೆಬರೆ ತುಂಬಿದ್ದ ಬ್ಯಾಟರಿಯೂ ಮುಳುಗುತ್ತಿತ್ತು. ಮನೆ ಮುಟ್ಟಬಹುದಿತ್ತೋ ಏನೋ. ಬಂಕು ಕಂಡಾಗ ಅಪ್ಪ ಕೆಮ್ಮಿದರು. "ಒಂದೆರಡು ಬಾಟ್ಲಿ ಏರಿಸೂನು" ಎಂದರು ಮೆಲ್ಲಗೆ.

ಚಾರ್ಜರ್ ಗುಂಯ್ ಎಂದು ಶುರುವಾಯಿತು. ಅಪ್ಪ ಚಹಾಕ್ಕೂ ಬರಲಿಲ್ಲ. ಜ್ವರ ಬಂದ ಕೂಸಿನ ಹಣೆ ಮುಟ್ಟುವಂತೆ ಬಾನೆಟ್ಟಿನ ಮೇಲೆ ಕೈ ಇಟ್ಟುಕೊಂಡು ನಿಂತರು. ಬ್ಯಾಟರಿ ಇರುವುದು ಸೀಟಿನ ಕೆಳಗೆ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಅಂಕಿ ಸರಸರ ಏರಿ, ಎಂಬತ್ತರ ಹತ್ತಿರ ಬಂದಾಗ ಯಂತ್ರ ತಾನಾಗಿಯೇ ನಿಧಾನವಾಯಿತು. ಬ್ಯಾಟರಿಗೆ ತ್ರಾಸಾಗಬಾರದೆಂದು ಅದು ಹಾಗೇ ಮಾಡುತ್ತದೆ ಎಂದೆ. ಅಪ್ಪನ ಮುಖ ಅರಳಿತು. "ನೋಡು ಮತ್ತ, ಇದನ್ನ ಮಾಡಿದಾವಗೂ ನನ್ನ ಲೆಕ್ಕಾನೇ ಅದ" ಎಂದು ಪಕ್ಕದಲ್ಲಿ ಚಾರ್ಜಿಗೆ ನಿಂತಿದ್ದ ಅಪರಿಚಿತನಿಗೂ ಹೇಳಿದರು.

ಮಳೆಗಾಲ ಕಳೆಯುವಷ್ಟರಲ್ಲಿ ಮದುವೆಯಾಯಿತು. ನಾನೀಗ ಮಾನ್ವಿಯಿಂದ ದೇವದುರ್ಗಕ್ಕೆ ಓಡಾಡುತ್ತೇನೆ. ನನ್ನನ್ನು ಉಪಾಯ ಮಾಡಿ ಕರೆದುಕೊಂಡು ಹೋದದ್ದು ತಾನೇ ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ, ನಾವು ಯಾರೂ ಅಲ್ಲಗಳೆದಿಲ್ಲ. ಗಂಡನ ತಾಯಿ ಈಚೆಗೆ ಕಾರು ಕಲಿಯುತ್ತಿದ್ದಾರೆ. ರಜೆಯ ದಿನ ಬೆಳಗ್ಗೆ ಹೈಸ್ಕೂಲ್ ಮೈದಾನದಲ್ಲಿ ಪಾಠ. ಗೇರಿಲ್ಲ, ಸಪ್ಪಳವಿಲ್ಲ, ಇದೇನು ಗಾಡಿ ಎಂದು ಮೊದಮೊದಲು ಗೊಣಗಿದರು. ಹೋದ ವಾರ ಸಂತೆಗೆ ಅವರೇ ಓಡಿಸಿದರು. ದಾರಿಯುದ್ದಕ್ಕೂ ಎಲ್ಲ ಸೈಕಲ್ಲುಗಳೂ ನಮ್ಮನ್ನು ದಾಟಿ ಹೋದವು. ನಾನು ಪಕ್ಕದಲ್ಲಿ ಖಾಲಿ ಚೀಲ ಹಿಡಿದು ಕೂತಿದ್ದೆ. ಅವರು ಒಂದೊಂದು ಸೈಕಲ್ಲಿಗೂ ಹಾರ್ನ್ ಹೊಡೆದು, ಗುರುತಿನವರಿದ್ದರೆ ನಿಲ್ಲಿಸಿ ಮಾತಾಡಿಸಿಕೊಂಡು ಹೋದರು.